ಒಂದು ಮೊರ ತವುಡಿಗೆ ಹೋದ ಮಗಳು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕೊಟ್ಟೂರಿನ ನಮ್ಮ ಓಣಿಯ ತುದಿಯಲ್ಲಿದ್ದ ಹಿಟ್ಟಿನ ಗಿರಣಿಯ ಗಡಿಯಾರ ಆಗ ತೋರಿಸುತ್ತಿದ್ದದ್ದು ಅಷ್ಟು. ಗಡಿಯಾರ ನೋಡುವುದನ್ನು ಅಪ್ಪ ನನಗೆ ಅದೇ ವಾರ ಕಲಿಸಿದ್ದ. ಕಲಿತ ಹುರುಪಿನಲ್ಲಿ ಹೋದಲ್ಲೆಲ್ಲ ಮುಳ್ಳುಗಳನ್ನು ಓದುತ್ತಿದ್ದೆ, ಹಾಗಾಗಿ ಆ ಹೊತ್ತು ಇಷ್ಟು ನಿಖರವಾಗಿ ನನ್ನಲ್ಲಿ ಉಳಿದಿದೆ. ನನಗೆ ಏಳು ವರ್ಷ. ಅಪ್ಪ ಕೊಟ್ರಪ್ಪ ಆ ಗಿರಣಿಯಲ್ಲಿ ಬೀಸುವ ಕೆಲಸಕ್ಕಿದ್ದ, ಹುಬ್ಬು ಮೀಸೆ ಎಲ್ಲ ಹಿಟ್ಟು. ಅವ್ವ ಜೋಳದ ಬುಟ್ಟಿ ಹೊತ್ತು ಬಂದಿದ್ದಳು, ನಾನು ಅವಳ ಹಿಂದೆ. ಸರದಿಗೆ ಕೂತಿದ್ದ ಹೆಂಗಸರಲ್ಲಿ ಯಾವುದೋ ಹಳ್ಳಿಯಿಂದ ಬಂದ ಒಬ್ಬಾಕೆ ನನ್ನ ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿದಳು. ಗಿರಣಿಯ ಸದ್ದಿಗೆ ಕೂಗಿಯೇ ಮಾತಾಡಬೇಕಿತ್ತು.

"ಎಂಥಾ ಕೂದ್ಲ ಬಂದಾವ್ರಿ ಈ ಹುಡುಗಿಗೆ! ಯಾರ ಮಗಳಿದು?"

"ನನ್ನ ಮಗಳ ರೀ."

ಅಂದವಳು ಅವ್ವ. ಅದೂ ನಗುತ್ತಾ. ಏಳು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಯಾರೋ ತಳ್ಳಿದ ಹಾಗೆ ಎರಡು ಹೆಜ್ಜೆ ಹಿಂದೆ ಸರಿದೆ. ಹಿಂದೆ ಮೋಟರಿನಿಂದ ಬೀಸುವ ಕಲ್ಲಿಗೆ ಓಡುವ ಉದ್ದನೆಯ ಬೆಲ್ಟು. ಅದು ನನ್ನ ಲಂಗದ ಅಂಚನ್ನು ಹಿಡಿಯಿತು. ಕಾಲು ನೆಲ ಬಿಟ್ಟಿತು, ಬೆನ್ನು ಮರದ ಕಂಬಕ್ಕೆ ಬಡಿಯಿತು, ಮೊಳಕೈ ಯಾವುದಕ್ಕೋ ಉಜ್ಜಿತು. ಅಪ್ಪ ಸ್ವಿಚ್ಚು ಇಳಿಸಿದ, ಆದರೆ ಬೆಲ್ಟು ಕೂಡಲೇ ನಿಲ್ಲುವುದಿಲ್ಲ. ಅವನು ಕೋಲು ಹಾಕಿ ಅದನ್ನು ಚಕ್ರದಿಂದ ಕೆಳಗೆ ಕೆಡವಿದ. ಅಷ್ಟರಲ್ಲಿ ಲಂಗ ಸೊಂಟದ ಪಟ್ಟಿಯ ಹತ್ತಿರ ಹರಿದು ಹೋಗಿತ್ತು. ಹರಿದದ್ದರಿಂದಲೇ ನಾನು ಉಳಿದದ್ದು. ಚಡ್ಡಿಯಲ್ಲಿ, ಹಿಟ್ಟಿನ ನೆಲದ ಮೇಲೆ ಕೂತಿದ್ದೆ. ಜನ ಮುತ್ತಿದರು, ಯಾರೋ ನೀರು ಕುಡಿಸಿದರು, ಆ ಹಳ್ಳಿಯ ಹೆಂಗಸು ನನ್ನ ತಲೆ ನೇವರಿಸಿ ಅಳುತ್ತಿದ್ದಳು. ಅವ್ವ ಬರಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತ ಜಾಗದಲ್ಲೇ ನಿಂತಿದ್ದಳು. ನಮ್ಮಿಬ್ಬರ ನಡುವೆ ನಾಲ್ಕು ಮಾರು ನೆಲ ಇದ್ದಿರಬೇಕು. ಈಗಲೂ ಕಣ್ಣು ಮುಚ್ಚಿದರೆ ಬೆಲ್ಟಿಗಿಂತ ಮೊದಲು ಆ ನಾಲ್ಕು ಮಾರು ಕಾಣುತ್ತದೆ. ಅವಳು ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಕಾಯುತ್ತೇನೆ. ಅರವತ್ತು ದಾಟಿದ ಮೇಲೂ.

ಇದು ಅರ್ಥವಾಗಬೇಕಾದರೆ ನಾನು ಹುಟ್ಟಿದಾಗಿನ ಸಂಗತಿ ಹೇಳಬೇಕು. ನನಗಿಂತ ಮೊದಲು ಅವ್ವನಿಗೆ ಮೂರು ಮಕ್ಕಳಾಗಿ ಮೂರೂ ತೀರಿಕೊಂಡಿದ್ದವು. ಹಾಗೆ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೊರದಲ್ಲಿಟ್ಟು, ನೆರೆಮನೆಯವರಿಗೆ ಒಂದು ಮೊರ ತವುಡಿಗೆ ಮಾರುವುದು ನಮ್ಮ ಕಡೆಯ ಪದ್ಧತಿ. ಈ ಮನೆಯಲ್ಲಿ ಕೂಸೇ ಇಲ್ಲ, ಇರುವುದು ಕಸದಿಂದ ಬಂದದ್ದು, ಅದೂ ಬೇರೆಯವರದ್ದು ಎಂದು ಸಾವಿಗೆ ನಂಬಿಸುವ ಉಪಾಯ. ಹೆಸರೂ ಅದಕ್ಕೆ ತಕ್ಕ ಹಾಗೆ, ನನ್ನದು ತಿಪ್ಪಮ್ಮ. ಐದನೆಯ ವರ್ಷಕ್ಕೆ, ಕೊಂಡವಳಿಗೆ ಒಂದು ಸೀರೆ ಉಡಿಸಿ, ಅಷ್ಟೇ ತವುಡು ಹಿಂದಿರುಗಿಸಿ, ಮಗುವನ್ನು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡರೆ ಅದು ಮತ್ತೆ ತಾಯಿಯದು. ಎಲ್ಲ ಮನೆಗಳಲ್ಲೂ ಇದು ಸಲೀಸಾಗಿ ನಡೆಯುತ್ತಿತ್ತು. ನಮ್ಮಲ್ಲಿ ಮೊದಲ ಹೆಜ್ಜೆಯೇ ತಪ್ಪಿತು. ಆರು ಮಕ್ಕಳನ್ನು ಹೆತ್ತು ಆರನ್ನೂ ಉಳಿಸಿಕೊಂಡಿದ್ದ ಒಬ್ಬಾಕೆಗೆ ನನ್ನನ್ನು ಮಾರಬೇಕೆಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಗೊತ್ತು ಮಾಡಿದ್ದಳು. ಆ ದಿನ ನೋಡಿದರೆ ಆಕೆ ಕೋಗಳಿಯ ತವರಿಗೆ ಹೋಗಿದ್ದಳು. ಹೊತ್ತು ಮೀರುತ್ತಿದೆ ಎಂದು ಗಾಬರಿಯಾದ ಅಜ್ಜಿ, ಬಾಗಿಲ ಮುಂದೆ ಕೊಡ ಹಿಡಿದು ಹೋಗುತ್ತಿದ್ದ ಗಂಗಮ್ಮನನ್ನು ನಿಲ್ಲಿಸಿ ಅವಳ ಕೈಗೆ ಮೊರ ಕೊಟ್ಟುಬಿಟ್ಟಳು. ಗಂಗಮ್ಮ ನಮ್ಮ ಪಕ್ಕದ ಖೋಲಿಗೆ ಬಾಡಿಗೆಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಗಂಡ ಹನುಮಂತಪ್ಪ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಅವಳ ಮನೆಯಲ್ಲಿ ತವುಡೂ ಇರಲಿಲ್ಲ, ನಮ್ಮ ಎಮ್ಮೆಯ ಬಾನಿಯಿಂದಲೇ ಮೊಗೆದು ಕೊಟ್ಟಳಂತೆ. ಇದನ್ನು ಹೇಳಿ ಅವಳು ಓಣಿಯವರನ್ನೆಲ್ಲ ನಗಿಸುತ್ತಿದ್ದಳು. ಆದರೆ ಮೊರ ಕೈಗೆ ಬಂದ ಗಳಿಗೆಯಲ್ಲಿ ತನ್ನ ಎದೆ ಹೊಡೆದುಕೊಂಡ ಬಗೆಯನ್ನು ಮಾತ್ರ ತಮಾಷೆಯಾಗಿ ಹೇಳುತ್ತಿರಲಿಲ್ಲ.

ನಾನು ಬದುಕಿದೆ. ಬದುಕಿದ್ದೇ ತೊಡಕಾಯಿತು. ಐದು ವರ್ಷ ತುಂಬಿದಾಗ ಅವ್ವ "ಇನ್ನೊಂದು ವರ್ಷ ಹೋಗ್ಲಿ" ಅಂದಳು, ಆರಕ್ಕೂ ಅದನ್ನೇ ಅಂದಳು. ಬೇರೆಯವರ ಮಗುವಾಗಿರುವುದರಿಂದಲೇ ಇದು ಉಳಿದಿದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ನಮ್ಮದು ಮಣ್ಣಿನ ಮಾಳಿಗೆಯ ಮೂರು ಅಂಕಣದ ಮನೆ. ಬಾಗಿಲು ದಾಟಿದ ಕೂಡಲೆ ಎಮ್ಮೆ ಕಟ್ಟುವ ಅಂಕಣ, ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಅಡುಗೆಯ ಕತ್ತಲು. ನಾನು ಉಣ್ಣುತ್ತಿದ್ದದ್ದು ಮೆಟ್ಟಿಲ ಮೇಲೆ, ಬಂದು ಹೋಗುವ ಮಕ್ಕಳು ಕೂರುವ ಜಾಗದಲ್ಲಿ. ಅವ್ವ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಖಾರದ ಹಿಂಡಿ ಸವರಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಹಬ್ಬದ ಹೊಸ ಲಂಗ ಅವಳೇ ಹೊಲಿಸಿದರೂ ಅದು ಗಂಗಮ್ಮನ ಕೈಯಿಂದ ನನಗೆ ಬರುತ್ತಿತ್ತು. ಎಣ್ಣೆ ಹಚ್ಚಿ ಎರೆಯುವವಳು ಗಂಗಮ್ಮ, ಶಾಲೆಗೆ ಬಿಡುವವಳು ಗಂಗಮ್ಮ. ಅವಳನ್ನು ನಾನು ಅಮ್ಮ ಎನ್ನಬೇಕಿತ್ತು, ಹೆತ್ತವಳನ್ನು ಅಕ್ಕ. ಇಲ್ಲಿ ಬರೆಯುವಾಗ ಅವ್ವ ಎನ್ನುತ್ತಿದ್ದೇನೆ, ಬಾಯಲ್ಲಿ ಅದು ಕೊನೆಯವರೆಗೂ ಬರಲಿಲ್ಲ. ಅವಳು ತೀರಿಕೊಂಡ ದಿನವೂ ನಾನು ಅತ್ತದ್ದು ಅಕ್ಕಾ ಎಂದೇ. ಆದರೆ ರಾತ್ರಿ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಎಲ್ಲರೂ ಮಲಗಿದ ಮೇಲೆ ಅವಳು ಎದ್ದು ತನ್ನ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ಉಸಿರು ತಾಗಿದರೆ ಮಲಗುವಳು, ಸ್ವಲ್ಪ ಹೊತ್ತಿಗೆ ಮತ್ತೆ ಏಳುವಳು. ನಾನು ನಿದ್ದೆ ಬಂದವರ ಹಾಗೆ ಮಲಗಿ ಆ ಬೆರಳಿಗಾಗಿ ಕಾಯುತ್ತಿದ್ದೆ. ಸಗಣಿ, ಜೋಳದ ಹಿಟ್ಟು, ಬೆಳ್ಳುಳ್ಳಿ ವಾಸನೆಯ ಬೆರಳು. ದಿನವೆಲ್ಲ ಅವಳಿಂದ ನನಗೆ ಸಿಗುತ್ತಿದ್ದದ್ದು ಅಷ್ಟು.

ಗಿರಣಿಯಲ್ಲಿ ಅವಘಡವಾದ ಸಂಜೆ ಅಡುಗೆಯಾಗಲಿಲ್ಲ. ನನ್ನ ಮೊಳಕೈಗೆ ಅರಿಸಿನ ಮೆತ್ತಿ ಮೆಟ್ಟಿಲ ಮೇಲೆ ಕೂರಿಸಿದ್ದರು. ಅಜ್ಜಿ ಅವ್ವನಿಗೆ ಬೆನ್ನು ಮಾಡಿ, ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು.

"ಏಳು ವರ್ಷ ಬಾಯಿ ಕಟ್ಟಿದಾಕಿ, ಇವತ್ತ ಏನ್ ಬಂದಿತ್ತು ನಿನಗ? ಮಂದಿ ಮುಂದ ನಗ್ಕೊಂತ ಅಂದ್ಯಂತ!"

"ಬೆಲ್ಟಿಗೆ ಅಡ್ಡ ಹಲಗಿ ಹೊಡಸ್ರಿ ಅಂತ ಸಾವ್ಕಾರಗ ಹೇಳಿ ಹೇಳಿ ಸಾಕಾಗೈತಿ," ಎಂದ ಅಪ್ಪ. "ಹಲಗಿ ಇದ್ದಿದ್ರ ಏನೂ ಆಗ್ತಿರ್ಲಿಲ್ಲ. ಮಾತಿಗೂ ಬೆಲ್ಟಿಗೂ ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತಿ ನೀನು?"

"ಮದಲಿನ ಮೂರೂ ಹಲಗಿ ಇಲ್ಲದ್ದಕ್ಕ ಹೋದ್ವೇನಲೇ ಕೊಟ್ರಾ?"

ಅಪ್ಪ ಮೀಸೆಯ ಹಿಟ್ಟು ಒರೆಸಿಕೊಂಡ. ಇಂದು ನನಗನ್ನಿಸುತ್ತದೆ, ಅವ್ವನ ಮಾತಿನಿಂದಲೇ ಆದದ್ದು ನಿಜ. ಅವಳು ತಿಳಿದ ರೀತಿಯಲ್ಲಲ್ಲ. ದಿನವೂ ಕೇಳಿದ ಮಾತಾಗಿದ್ದರೆ ನಾನು ಬೆಚ್ಚಿ ಹಿಂದೆ ಸರಿಯುತ್ತಿರಲಿಲ್ಲ. ಇದನ್ನು ಅಂದು ಹೇಳಬಲ್ಲ ದೊಡ್ಡವರು ಅಲ್ಲಿರಲಿಲ್ಲ, ಹೇಳುವಷ್ಟು ದೊಡ್ಡವಳು ನಾನಾಗಿರಲಿಲ್ಲ. ಹನುಮಂತಪ್ಪನಿಗೆ ಹಗರಿಬೊಮ್ಮನಹಳ್ಳಿಗೆ ವರ್ಗವಾಗಿತ್ತು. ಪಕ್ಕದ ಖೋಲಿಯಲ್ಲಿ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಎರಡು ದಿನದಿಂದ ಕೇಳುತ್ತಿತ್ತು. ಅವ್ವ ಕತ್ತಲಿನಿಂದ ಹೊರಗೆ ಬಂದು, ಯಾರ ಕಡೆಗೂ ನೋಡದೆ ಒಂದೇ ಮಾತು ಅಂದಳು.

"ಗಂಗಕ್ಕನ ಕೂಡ ಕಳಿಸಿಬಿಡ್ರಿ ಇದನ್ನ."

ಹೊರಡುವ ಬೆಳಿಗ್ಗೆ ಅವ್ವ ಎಮ್ಮೆಯ ಅಂಕಣದಲ್ಲಿ ಸಗಣಿ ಬಳಿಯುತ್ತಿದ್ದಳು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತೆ. ಅವಳು ತಿರುಗಲಿಲ್ಲ. ಎಮ್ಮೆಯ ಹೊಟ್ಟೆಯ ಕಡೆಗೆ ಮುಖ ಮಾಡಿ "ಹೊತ್ತಿಗ್ ಸರಿ ಉಣ್ಣು. ಹಟ ಮಾಡಬ್ಯಾಡ" ಅಂದಳು. ನನಗೆ ಹೇಳಿದಳೋ ಎಮ್ಮೆಗೆ ಹೇಳಿದಳೋ ತಿಳಿಯಲಿಲ್ಲ. ಕೊಟ್ಟೂರಿನಿಂದ ಹೊರಡುವ ರೈಲು ಆಗ ಕಲ್ಲಿದ್ದಲಿನ ಬಂಡಿ. ಕಿಟಕಿಗೆ ಮುಖ ಕೊಟ್ಟು ಕೂತು ಕಣ್ಣಿಗೆ ಕಿಡಿ ಬಿದ್ದರೂ ಮುಖ ತಿರುಗಿಸಲಿಲ್ಲ. ಹನುಮಂತಪ್ಪ ಮಂಡಕ್ಕಿ ಕೊಡಿಸಿ "ತಿನ್ನವ್ವ, ರೈಲು ಏರಿದ ಮ್ಯಾಗ ಎಲ್ರೂ ಗಿರಾಕಿನ" ಎಂದು ನಗಿಸಲು ನೋಡಿದ. ನನ್ನ ತಲೆಯಲ್ಲಿ ಒಂದೇ ಲೆಕ್ಕ: ಬೆಲ್ಟಿಗೆ ಸಿಕ್ಕ ತಪ್ಪಿಗೆ ನನ್ನನ್ನು ಕೊಟ್ಟುಬಿಟ್ಟಿದ್ದಾರೆ. ಹೊಸ ಲಂಗ ಹರಿದದ್ದಕ್ಕೋ, ಹಿಂದೆ ನೋಡದೆ ಸರಿದದ್ದಕ್ಕೋ, ಯಾವುದು ತಪ್ಪು ಎಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದರೆ ತಿದ್ದಿಕೊಂಡು ವಾಪಸು ಹೋಗಬಹುದಿತ್ತಲ್ಲ.

ಹಳಿಯ ಪಕ್ಕದ ಕ್ವಾರ್ಟರ್ಸು, ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಬೇವಿನ ಮರ. ಗಂಗಮ್ಮ ಅಲ್ಲಿ ತಡೆಯೇ ಇಲ್ಲದೆ ನನ್ನನ್ನು ಪ್ರೀತಿಸಿದಳು. ನೋಡುವ ಅಜ್ಜಿ ಇಲ್ಲ, ಓಣಿ ಇಲ್ಲ. ಬೆಳಿಗ್ಗೆ ಎದ್ದರೆ ಗಲ್ಲಕ್ಕೆ ಮುತ್ತು, ಉಣ್ಣಲು ಕೂತರೆ ತುತ್ತು, ನೀರಿಗೆ ಹೋದರೆ ಸೊಂಟದ ಮೇಲೆ ನಾನು. ಹೊಸ ನೆರೆಯವರೆದುರು "ಇದು ನನ್ನ ಮಗಳ ರೀ, ನನ್ನ ಬಂಗಾರ" ಅನ್ನುವಳು. ಅವಳು ಹಾಗೆ ಅಂದಾಗಲೆಲ್ಲ ನಾನು ಹಿಂದಕ್ಕೆ ತಿರುಗಿ ನೋಡುತ್ತಿದ್ದೆ, ಏನು ಬಂದು ಹಿಡಿಯುತ್ತದೆ ಎಂದು. ಈ ಅಭ್ಯಾಸ ನನ್ನನ್ನು ಬಿಡಲಿಲ್ಲ. ಓದಿ, ಡಿಗ್ರಿ ಮುಗಿಸಿ, ಹರಪನಹಳ್ಳಿಯಲ್ಲಿ ಮೇಷ್ಟ್ರುಗಿರಿ ಮಾಡಿ ನಿವೃತ್ತಳಾದ ದಿನ, ವೇದಿಕೆಯಲ್ಲಿ ಯಾರೋ ನನ್ನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದಾಗ ನಾನು ಎರಡು ಸಲ ಕುರ್ಚಿಯ ಹಿಂದೆ ತಿರುಗಿ ನೋಡಿದೆನಂತೆ. ಮಕ್ಕಳು ನಕ್ಕರು. ಒಳ್ಳೆಯ ಮಾತಿನ ಹಿಂದೆ ಏನೋ ಓಡುತ್ತಿರುತ್ತದೆ ಎಂಬ ನಂಬಿಕೆ ನನ್ನ ಮೈಯಲ್ಲಿತ್ತು, ಬುದ್ಧಿಗೆ ಅದು ಸುಳ್ಳೆಂದು ತಿಳಿದ ಮೇಲೂ. ನನ್ನ ಮಗ ಶಾಲೆಯಲ್ಲಿ ಮೊದಲು ಬಂದಾಗ ನಾನು ಅಂದದ್ದು "ಅಕ್ಷರ ಇನ್ನಾ ಸುಧಾರಿಸಬೇಕು" ಎಂದು. ಮೊನ್ನೆ ಮೊನ್ನೆ, ಅವನಿಗೂ ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ, ಊಟದ ನಡುವೆ ಸುಮ್ಮನೆ ಅಂದ, "ನೀ ಒಂದಿನಾನೂ ನನಗ ಚಲೋ ಮಾಡಿದಿ ಅಂದಿಲ್ಲವ್ವ." ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹಾಗೆ ಅವನನ್ನು ಕಾಪಾಡುತ್ತಿದ್ದೆ ಎಂದು ಹೇಗೆ ಹೇಳಲಿ.

ನಾನೊಬ್ಬಳೇ ಹೀಗಿರುವುದು ಎಂದುಕೊಂಡಿದ್ದೆ. ತರಗತಿಯಲ್ಲಿ ಹಾಜರಿ ಕೂಗುತ್ತ ಕೂಗುತ್ತ ಅಲ್ಲವೆಂದು ಗೊತ್ತಾಯಿತು. ತಿಪ್ಪೇಶಿ, ಗುಂಡಪ್ಪ, ಕಸಪ್ಪ, ಮೂಗು ಚುಚ್ಚಿದ ಹುಡುಗರು, ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ಹುಡುಗಿಯರು. ಬೈದರೆ ಆರಾಮಾಗಿ ನಿಲ್ಲುತ್ತಿದ್ದರು, ಬೆನ್ನು ತಟ್ಟಿದರೆ ಮೈ ಗಟ್ಟಿಯಾಗುತ್ತಿತ್ತು. ಅವರೇ ಬೆಳೆದು ಅಂಗಡಿಯ ಗಲ್ಲೆಯ ಮೇಲೆ, ಕಚೇರಿಯ ಕುರ್ಚಿಯಲ್ಲಿ, ತಂದೆಯರಾಗಿ, ಅತ್ತೆಯರಾಗಿ ಕೂತದ್ದನ್ನು ಕಂಡಿದ್ದೇನೆ. ಕೈಕೆಳಗಿನವನಿಗೆ ಒಂದು ಒಳ್ಳೆಯ ಮಾತು ಆಡಲು ಬಾಯಿ ಏಳುವುದಿಲ್ಲ. ಅದನ್ನು ಜನ ಸೊಕ್ಕು ಅನ್ನುತ್ತಾರೆ. ಮನಸ್ಸಿದ್ದೂ ಬಾಯಿ ಕಟ್ಟಿಕೊಂಡ ತಾಯಂದಿರು ಎಷ್ಟು ಮನೆಗಳಲ್ಲಿ ಇದ್ದರೋ.

ಕ್ವಾರ್ಟರ್ಸಿಗೆ ಮರಳುತ್ತೇನೆ. ದಿನವೂ ಕೊಟ್ಟೂರಿನ ಕಡೆಯಿಂದ ರೈಲು ಬರುವ ಹೊತ್ತಿಗೆ ನಾನು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆ. ಇಳಿಯುವವರನ್ನು ಒಬ್ಬೊಬ್ಬರನ್ನೇ ನೋಡುತ್ತಿದ್ದೆ. ಹನುಮಂತಪ್ಪ "ಏನ್ ಟೀಸಿ ಮೇಡಂ, ಟಿಕೀಟಿಲ್ಲದೋರು ಎಷ್ಟ್ ಮಂದಿ ಸಿಕ್ರು?" ಅನ್ನುವನು. ಹನ್ನೊಂದನೆಯ ದಿನ ಅಪ್ಪ ಇಳಿದ, ಕೈಯಲ್ಲಿ ಒಂದು ಚೀಲ ಜೋಳದ ಹಿಟ್ಟು. ನಾನು ಅವನ ಹಿಂದೆ ಇನ್ನೊಬ್ಬರು ಇಳಿಯುತ್ತಾರೇನೋ ಎಂದು ಬಂಡಿ ಹೊರಡುವ ತನಕ ನೋಡಿದೆ.

"ಅಕ್ಕ ಅದಾಳಾ?"

"ಅದಾಳ."

"ಉಣ್ತಾಳಾ?"

"ಹೂಂ."

ಅವನು ಹೂಂ ಎಂದದ್ದು ಬೇವಿನ ಮರ ನೋಡಿಕೊಂಡು. ಅವ್ವ ಉಣ್ಣುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಹೊರಡುವಾಗ ನಾನು ಅವನ ಪಂಚೆ ಹಿಡಿದೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಬೆಲ್ಟು ಬಿಡಿಸಿದ ಅದೇ ಕೈಯಿಂದ. ಅವನ ಕೆಳದುಟಿ ನಡುಗುತ್ತಿತ್ತು. ಅದನ್ನು ನೋಡಿದ ಮೇಲೆ ನಾನು ಉಣ್ಣುವುದನ್ನು ಬಹಳಷ್ಟು ಬಿಟ್ಟೆ, ನಿದ್ದೆಯೂ ಹೋಯಿತು. ಎಲ್ಲಿ ಮಲಗಿದರೂ ಗಂಗಮ್ಮನ ಉಸಿರಿನ ಮೇಲೆ ಕಿವಿ. ಒಂದು ರಾತ್ರಿ ಅವಳ ಉಸಿರು ಕೇಳಿಸಲಿಲ್ಲ. ಎದ್ದು ನನ್ನ ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದೆ. ಅವಳು ಫಕ್ಕನೆ ಕಣ್ಣು ಬಿಟ್ಟಳು.

"ಏನ್ ಮಾಡ್ತಿ ಬೇ?"

"ಉಸುರು ಐತೇನಂತ ನೋಡಿದೆ."

"ಹಿಂಗ ನೋಡಾಕ ಯಾರ್ ಕಲಿಸಿದ್ರು ನಿನಗ?"

"ಅಕ್ಕ ದಿನಾ ನನಗ ನೋಡ್ತಾಳ."

ಗಂಗಮ್ಮ ಎದ್ದು ಕೂತಳು. ನಾನು ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಕತ್ತಲಲ್ಲಿ ಹೇಳಿಬಿಟ್ಟೆ.

"ನನ್ನ ಮಗಳು ಅನ್ನಬ್ಯಾಡಮ್ಮ ನೀನು. ಅಂದ್ರ ಏನಾರ ಆಗ್ತೈತಿ. ನಿನಗಾಗ್ತೈತೋ ನನಗಾಗ್ತೈತೋ ಗೊತ್ತಿಲ್ಲ."

ಅವಳು ನನ್ನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ಬೆಳಗಾಗುವ ತನಕ ಹಾಗೇ ಕೂತಿದ್ದಳು. ಬೆಳಿಗ್ಗೆ ಹನುಮಂತಪ್ಪನಿಗೆ ರೊಟ್ಟಿ ಕಟ್ಟಿಕೊಟ್ಟು, ನನಗೆ ಎರಡು ಜಡೆ ಹಾಕಿ, ನನ್ನ ಬಟ್ಟೆಯೆಲ್ಲ ಚೀಲಕ್ಕೆ ತುಂಬಿದಳು. ಒಂದೇ ಒಂದು ಲಂಗವನ್ನು ಚೀಲದಿಂದ ತೆಗೆದಳು, ಮತ್ತೆ ಇಟ್ಟಳು, ಮತ್ತೆ ತೆಗೆದು ತನ್ನ ಟ್ರಂಕಿಗೆ ಹಾಕಿದಳು. ಆ ಹೆಂಗಸಿನ ಪಾಲಿಗೆ ಅಂದು ಏನು ಹೋಗುತ್ತಿತ್ತು ಎಂಬುದನ್ನು ನಾನು ನೆನೆದದ್ದು ಬಹಳ ತಡವಾಗಿ.

ಕೊಟ್ಟೂರಿನ ಮನೆಯ ಬಾಗಿಲಿಗೆ ನಾವು ಮುಟ್ಟಿದಾಗ ಅವ್ವ ಒಳಗಿನಿಂದಲೇ ನೋಡಿದಳು. ಪಡಸಾಲೆಯ ಕಂಬ ಹಿಡಿದು ನಿಂತಳು. ಸೀರೆ ಅವಳ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು.

"ಯಾಕ ಕರ್ಕೊಂಡು ಬಂದಿ ಗಂಗಕ್ಕ? ಒಯ್ಯಿ. ನಿನ್ನ ಕಾಲಿಗೆ ಬೀಳ್ತೀನಿ, ಒಯ್ದುಬಿಡು. ನಿನ್ನ ಹತ್ರ ಚೆಂದ ಬದುಕ್ಲಿ."

"ಬದುಕೋದಿಲ್ಲದು. ಉಣ್ಣಾಂಗಿಲ್ಲ, ಮಲಗಾಂಗಿಲ್ಲ. ಸರಿ ರಾತ್ರ್ಯಾಗ ನನ್ನ ಮೂಗಿಗೆ ಬಟ್ಟು ಹಿಡೀತೈತಿ, ನಿನ್ನಂಗ!"

ಅಜ್ಜಿ ಒಳಗಿನಿಂದ ಬಂದಳು. "ತಂದಾಕಿ ಹೊಸ್ತಿಲ ಹೊರಗ ನಿಲ್ಲು. ಸೀರಿ ಉಡಿಸಿಲ್ಲ, ತವುಡು ಕೊಟ್ಟಿಲ್ಲ..."

"ಸುಮ್ನಿರು ದೊಡ್ಡಮ್ಮ. ನಿಮ್ಮ ಎಮ್ಮಿ ತವುಡು ನಿಮಗ ಕೊಟ್ಟು ಕೊಂಡಾಕಿ ನಾನು. ಯಾವ ವ್ಯಾಪಾರಂತ ಹಿಡದು ಕೂತೀರಿ?" ಗಂಗಮ್ಮನ ದನಿ ಒಡೆಯಿತು. ಅವ್ವನ ಕಡೆಗೆ ತಿರುಗಿದಳು. "ಬಸವ್ವ, ಸಾವಿಗೆ ಕಿವಿ ಅದಾವಂತ ಏಳು ವರ್ಷ ಪಿಸುಮಾತಿಲೆ ಬದುಕಿದಿ. ಕೂಸಿಗೂ ಕಿವಿ ಇರ್ತಾವ. ಅದಕ್ಕ ನಿನ್ನ ಬಾಯಿಂದ ಏನೂ ಕೇಳಿಸಿಲ್ಲ ನೋಡು."

ಅವ್ವ ಕಂಬ ಬಿಟ್ಟಳು. ಎರಡು ಮೆಟ್ಟಿಲು ಇಳಿದಳು, ಎಮ್ಮೆಯ ಅಂಕಣ ದಾಟಿದಳು, ಹೊಸ್ತಿಲಿಗೆ ಬಂದು ನನ್ನ ಮೊಳಕೈ ಹಿಡಿದು ಗಾಯದ ಕಲೆ ತಿರುಗಿಸಿ ನೋಡಿದಳು. ಅಷ್ಟೇ. ಗಂಗಮ್ಮ ಕಟ್ಟೆಯ ಮೇಲೆ ಕೂತು ಒಂದು ಲೋಟ ನೀರು ಕುಡಿದು ಮಧ್ಯಾಹ್ನದ ರೈಲಿಗೆ ಹೊರಟುಹೋದಳು. ಅವಳಿಗೆ ಸೀರೆ ಉಡಿಸುವ ಶಾಸ್ತ್ರ ಆಮೇಲೂ ಆಗಲಿಲ್ಲ, ಬೇಡವೆಂದು ಅವಳೇ ಹೇಳಿಕಳಿಸಿದಳು.

ಮರುದಿನ ರೊಟ್ಟಿ ಬಡಿಯುತ್ತ, ತಟ್ಟುವ ಸದ್ದಿನ ನಡುವೆ, ಅವ್ವ ನನಗೆ ಆ ಮೂರು ಮಕ್ಕಳ ಸುದ್ದಿ ಹೇಳಿದಳು. ಮೊದಲನೆಯದು ಗಂಡು, ಒಂಬತ್ತು ದಿನ. ಕೊನೆಯದೂ ಗಂಡು, ಮೂರೇ ದಿನ. ನಡುವಿನದು ಹೆಣ್ಣು, ಅದಕ್ಕಷ್ಟೇ ಹೆಸರಿಟ್ಟಿದ್ದರು, ಶಾಂತಾ. ಮೂರು ತಿಂಗಳು ಇತ್ತು, ನಗುವುದನ್ನು ಕಲಿತಿತ್ತು. ರೊಟ್ಟಿ ಹೆಂಚಿನ ಮೇಲೆ ಹಾಕಿ ಅವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು.

"ಹೆಸರು ಹಿಡದು ಕರದಾಕಿನ ಬಾಳ ದಿನ ಇದ್ಲು ನೋಡು," ಎಂದಳು. ಅವಳ ನಂಬಿಕೆಯೊಳಗಿಂದಲೇ ಅವಳಿಗೆ ಒಂದು ಕಿಂಡಿ ಸಿಕ್ಕಿತ್ತು. ರೊಟ್ಟಿ ಹೊತ್ತಿಹೋಯಿತು.

ಅಲ್ಲಿಂದ ಅವ್ವ ಆ ಮಾತನ್ನು ರೂಢಿಸಿಕೊಳ್ಳತೊಡಗಿದಳು. ಮೊದಲು ಎಮ್ಮೆಗೆ ಹೇಳಿದಳು, ಹಾಲು ಹಿಂಡುತ್ತ: "ನನ್ನ ಮಗಳು ಬಂದಾಳ, ಒದಿಬ್ಯಾಡ." ಹೇಳಿ ಆ ದಿನವೆಲ್ಲ ನನ್ನನ್ನು ಹೊರಗೆ ಬಿಡಲಿಲ್ಲ. ನಾಲ್ಕು ದಿನ ಬಿಟ್ಟು ಬಳೆಗಾರ್ತಿಗೆ ಹೇಳಿದಳು, ಹೇಳಿದ ಮೇಲೆ ಬೆವರಿದಳು. ಪ್ರತಿ ಸಲ ಸಂಜೆಯ ತನಕ ಕಾಯುವಳು, ಏನೂ ಆಗದಿದ್ದರೆ ದೀಪ ಹಚ್ಚುವಾಗ ದೊಡ್ಡದಾಗಿ ಉಸಿರು ಬಿಡುವಳು. ನಾನೂ ಅವಳ ಜೊತೆ ಕಾಯುತ್ತಿದ್ದೆ. ರಾತ್ರಿ ಅವಳು ನನ್ನ ಉಸಿರು ನೋಡಿ ಮಲಗಿದ ಮೇಲೆ ನಾನು ಎದ್ದು ಅವಳದನ್ನು ನೋಡುತ್ತಿದ್ದೆ. ಕೆಲವೊಮ್ಮೆ ಕತ್ತಲಲ್ಲಿ ಇಬ್ಬರ ಕೈಗಳೂ ಡಿಕ್ಕಿ ಹೊಡೆಯುತ್ತಿದ್ದವು.

ಹೀಗೆ ಒಂದು ತಿಂಗಳಾಗಿರಬಹುದು, ನನಗೆ ಜ್ವರ ಬಂತು. ಮೊದಲ ದಿನ ಬೆಚ್ಚಗಿತ್ತು, ಎರಡನೆಯ ದಿನ ಬಡಬಡಿಸಿದೆನಂತೆ. ಅವ್ವ ಮೊದಲ ದಿನ ಬೆಳಿಗ್ಗೆಯಷ್ಟೇ ಶಾಲೆಯ ಮೇಷ್ಟ್ರ ಎದುರು ನನ್ನ ಮಗಳು ಅಂದು ಬಂದಿದ್ದಳು. ಅಜ್ಜಿ ತಲೆಯ ಹತ್ತಿರ ಬಂದು ಕೂತಳು. ಅವಳು ಕೆಟ್ಟವಳಲ್ಲ. ಅವಳ ದನಿಯಲ್ಲಿ ಬೈಗುಳವೂ ಇರಲಿಲ್ಲ, ಬೇಡುವ ದನಿ.

"ಬಸವ್ವ, ಕೈ ಮುಗೀತೀನಿ. ಕೊಟ್ರನ್ನ ಬಮ್ಮನಳ್ಳಿಗೆ ಕಳಿಸು. ಗಂಗಿ ಬಂದು ನನ್ನದು ಅಂತ ಒಂದ್ಸಲ ಅನ್ಲಿ. ನೀ ಅಂದದ್ದನ್ನ ತಿರುಗಿ ತಗೋ. ಮತ್ತೊಂದನ್ನ ಮಣ್ಣಿಗೆ ಇಡಾಕ ನನ್ನ ಕೈಲೆ ಆಗಲ್ಲವ್ವ."

"ತಗಳ್ಳಾಂಗಿಲ್ಲ ಅತ್ತಿ."

"ಹೋತಂದ್ರ?"

ಆ ಪ್ರಶ್ನೆ ನನಗೆ ಕೇಳಿಸಿತು. ಜ್ವರದಲ್ಲಿ ಎಷ್ಟೋ ಕೇಳಿಸಲಿಲ್ಲ, ಇದು ಕೇಳಿಸಿತು. ಅವ್ವ ಏನೆನ್ನುತ್ತಾಳೆ ಎಂದು ಮುಚ್ಚಿದ ರೆಪ್ಪೆಯೊಳಗೆ ಕಾದೆ.

"ಹೋದ್ರ ನನ್ನ ಮಗಳಾಗಿ ಹೋಗ್ಲಿ. ಯಾರದೋ ಆಗಿ ಇನ್ನೊಂದ್ಸಲ ಹೋಗೋದು ಬ್ಯಾಡ."

ಅವಳು ನನ್ನನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ದವಾಖಾನೆಗೆ ನಡೆದಳು. ಅಪ್ಪ ಗಿರಣಿ ಬಿಟ್ಟು ಛತ್ರಿ ಹಿಡಿದು ಹಿಂದೆ ಓಡಿಬಂದ. ಕಂಪೌಂಡರು ಚೀಟಿ ಬರೆಯಲು ತಲೆ ಎತ್ತದೆ ಕೇಳಿದರು.

"ಹೆಸರೇನು? ಯಾರ ಮಗಳು?"

"ತಿಪ್ಪಮ್ಮ. ನನ್ನ ಮಗಳು."

"ಅದು ಕಾಣ್ತೈತವ್ವ. ತಂದಿ ಹೆಸರು ಹೇಳು."

"ಮದ್ಲು ಅದನ್ನ ಬರಕೊಳ್ರಿ," ಎಂದಳು ಅವ್ವ. ಎಲ್ಲಿ ಬರೆಯಬೇಕೆಂದು ತಿಳಿಯದೆ ಆ ಮನುಷ್ಯ ಪೆನ್ನು ಹಿಡಿದು ಅಪ್ಪನ ಮುಖ ನೋಡಿದ. ಅಪ್ಪ ಛತ್ರಿ ಮಡಚುತ್ತ "ಬರಕೊಳ್ರಿ" ಅಂದ.

ಸೂಜಿ, ಕಹಿ ನೀರು, ಹಣೆಗೆ ಒದ್ದೆ ಬಟ್ಟೆ. ಇನ್ನೂ ಎರಡು ದಿನ, ಎರಡು ರಾತ್ರಿ. ಅವ್ವ ಗೋಡೆಗೆ ಒರಗಿ ನನ್ನನ್ನು ಎದೆಗೆ ಹಾಕಿಕೊಂಡೇ ಕೂತಿದ್ದಳು. ಒಂದೇ ಮಾತನ್ನು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದಳು, ಹೆದರಿಕೊಂಡೇ ಹೇಳುತ್ತಿದ್ದಳು. ಹೇಳುವಾಗ ಅವಳ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ತಾಗುತ್ತಿತ್ತು. ಧೈರ್ಯ ಅಂದರೆ ನನಗೆ ಇಂದಿಗೂ ಆ ಬಡಿತವೇ. ನಾಲ್ಕನೆಯ ದಿನದ ಸಂಜೆ ನನ್ನ ಮೈಯೆಲ್ಲ ಬೆವರಿತು. ನವಣೆ ಗಂಜಿ ಎರಡು ಗುಟುಕು ಕುಡಿದೆ. ಅವ್ವ ಉಳಿದದ್ದನ್ನು ಬಟ್ಟಲಿನಿಂದಲೇ ಕುಡಿದು 'ಒಂದು ಗಳಿಗಿ ಅಡ್ಡಾಗ್ತೀನಿ' ಎಂದು ನನ್ನ ಪಕ್ಕಕ್ಕೆ ಉರುಳಿದಳು.

ನನಗೆ ಎಚ್ಚರವಾದಾಗ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಇಳಿದು ಪಡಸಾಲೆಯ ನಡುವಿಗೆ ಬಂದಿತ್ತು. ರಾತ್ರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವ್ವ ಬಾಯಿ ಅಗಲ ಮಾಡಿಕೊಂಡು, ಒಂದು ಕೈ ನನ್ನ ಮೇಲೆ ಎಸೆದು, ಗೊರಕೆ ಹೊಡೆಯುತ್ತಿದ್ದಳು. ಕಸ ಗುಡಿಸಿರಲಿಲ್ಲ, ಒಲೆ ಹೊತ್ತಿರಲಿಲ್ಲ, ಎಮ್ಮೆ ಹಾಲು ಹಿಂಡದೆ ಒದರುತ್ತಿತ್ತು. ಯಾಕೆ ಯಾರೂ ನಮ್ಮನ್ನು ಎಬ್ಬಿಸಿಲ್ಲ ಎಂದು ತಲೆ ಎತ್ತಿ ನೋಡಿದೆ. ಅಜ್ಜಿ ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡ ಕೂತಿದ್ದಳು. ಹಾಲಿಗೆ ಬಂದವರು ಯಾರೋ ಹೊರಗಿನಿಂದ ಕೂಗಿದರು. ಅವಳು ತುಟಿಯ ಮೇಲೆ ಬೆರಳಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು.

"ಆಮ್ಯಾಲ ಬರ್ರಿ. ತಾಯಿ ಮಗಳು ಮಲಗ್ಯಾರ."